ಬಿಟ್ಟುಬಂದ ಹುಣಸೆ

ಗುಬ್ಬಿಯಲ್ಲಿ ನಮ್ಮ ಪಕ್ಕದ ಮನೆಯ ಚಿಕ್ಕಮಾರಮ್ಮ ಹುಣಸೆಹಣ್ಣಿನ ವ್ಯಾಪಾರ ಮಾಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ತಾವೇ ಹಿಡಿದ ಕೆಲಸ. ಕಾಯಿ ಬಲಿಯುವ ಮೊದಲೇ ಮರದ ಯಜಮಾನನಿಗೆ ಒಂದಿಷ್ಟು ಸಂಚಕಾರ, ಅಂದರೆ ಮುಂಗಡ, ಕೊಟ್ಟು ಬೆಲೆ ಗೊತ್ತುಮಾಡುವುದು. ಶಿವರಾತ್ರಿಯೊಳಗೆ ಮಿಕ್ಕದ್ದು ಕೊಟ್ಟರೆ ಹಣ್ಣು ನಮ್ಮದು. ಕೊಡದಿದ್ದರೆ ಸಂಚಕಾರ ಅವನದು.

"ಹಣ್ಣು ತಗೊಳ್ಳದಿದ್ರೂ ದುಡ್ಡು ಹೋಗುತ್ತಾ?" ಎಂದು ನಾನು ಕೇಳಿದ್ದೆ, ಒಂದಲ್ಲ ಹತ್ತು ಸಲ.

"ಬಸ್ಸಲ್ಲಿ ಸೀಟಿಗೆ ಟವಲ್ ಹಾಕಲ್ವೇನೇ? ಹಂಗೇ ಕಣೇ. ಹಾಕಿದ್ಮೇಲೆ ಹತ್ತಲೇಬೇಕು ಅಂತೇನಿಲ್ಲ. ಟವಲ್ ಹೋದ್ರೂ ಹೋಯ್ತು ಅನ್ನಂಗಿರ್ಬೇಕು, ಅಷ್ಟೇಯ."

ಆ 'ಅಷ್ಟೇಯ' ನನ್ನ ತಲೆಗೆ ಹೋಗಲಿಲ್ಲ. ಆದರೂ ನಾನೂ ವ್ಯಾಪಾರ ಮಾಡಬೇಕೆಂಬ ಆಸೆ. ಮಗಳು ಉಮಾಳಿಗೆ ವರ್ಷ ತುಂಬುವ ಹೊತ್ತಿಗೆ ಬೆಳ್ಳಿಗೆಜ್ಜೆ ಮಾಡಿಸಲು ಕೂಡಿಟ್ಟಿದ್ದ ದುಡ್ಡಿನ ಡಬ್ಬಿಯನ್ನೇ ತಂದು ಅವರ ಮುಂದಿಟ್ಟೆ.

"ಮಗೀನ್ ಕಾಲೇ ಕಿತ್ಕೊಡ್ತೀಯಾ? ಒಂದು ಮರಕ್ಕೆ ಸಾಕು. ಹೋದ್ರೆ ಅತ್ತು ಸುಮ್ನಾಗೋವಷ್ಟು," ಎಂದು ಬೈದು, ಮುಕ್ಕಾಲುಪಾಲು ನನ್ನ ಮಡಿಲಿಗೇ ಸುರಿದರು. ಉಳಿದದ್ದು ನಿಟ್ಟೂರಿನ ಅಂಜಿನಪ್ಪನವರ ಒಂದು ಮರಕ್ಕೆ ಸಂಚಕಾರವಾಯಿತು.

ಶಿವರಾತ್ರಿ ಹತ್ತಿರ ಬಂದಾಗ ತುಮಕೂರು ಮಂಡಿಯಲ್ಲಿ ಬೆಲೆ ಕುಸಿಯಿತು. ಕುಣಿಗಲ್ ಕಡೆಯಿಂದ ಹಣ್ಣು ಬಂದು ಸುರಿಯುತ್ತಿದೆಯಂತೆ, ನಾವು ಒಪ್ಪಿದ್ದಕ್ಕಿಂತ ಅಗ್ಗವಂತೆ. ಕೊಟ್ಟದ್ದು ಸುಮ್ಮನೆ ಹೋಗುವುದೇ? ಅದಿರಲಿ, ಮಾತಾಡಿ ಬಂದು ಈಗ ತಲೆಮರೆಸಿಕೊಂಡರೆ ಮೋಸವಾಗುವುದಿಲ್ಲವೇ? ಗೆಜ್ಜೆಯ ಮಿಕ್ಕ ದುಡ್ಡನ್ನೆಲ್ಲ ಸೆರಗಿಗೆ ಕಟ್ಟಿಕೊಂಡು, ಮಗುವನ್ನು ಕಂಕುಳಿಗೇರಿಸಿ ನಿಟ್ಟೂರಿಗೆ ರೈಲು ಹತ್ತಿದೆ. ನಿಲ್ದಾಣದಲ್ಲಿ ನನ್ನನ್ನು ಕಂಡ ಚಿಕ್ಕಮಾರಮ್ಮ ಸೆರಗಿನ ಗಂಟು ನೋಡಿ ಹಿಂದೆಯೇ ಹತ್ತಿದರು.

ಅಂಜಿನಪ್ಪ ಮರದ ಕೆಳಗೇ ಇದ್ದರು. "ಬಾ ತಾಯಿ. ತೂಕ ಹಾಕ್ಸನಾ?"

ನಾನು ಸೆರಗಿನ ಗಂಟು ಬಿಚ್ಚುತ್ತಿದ್ದೆ. ಚಿಕ್ಕಮಾರಮ್ಮ ನನ್ನ ಕೈ ಅದುಮಿ ಹಿಡಿದರು.

"ಬ್ಯಾಡ ಕಣಣ್ಣ. ಈ ಸಲ ಬಿಟ್ಟಿದೀವಿ."

ಬೈಯುತ್ತಾರೆಂದು ನಾನು ಕಾದೆ. ಅಂಜಿನಪ್ಪ ನಕ್ಕರು. "ಬುಡವ್ವ, ಅದಕ್ಕೇ ಅಲ್ವಾ ಸಂಚಕಾರ ಇಸ್ಕಂಡಿರೋದು. ಮಗೀಗೆ ಎಳ್ನೀರು ಕೆತ್ಲಾ?"

ವಾಪಸು ಬರುವಾಗ ಚಿಕ್ಕಮಾರಮ್ಮ ಕಿಟಕಿಯ ಕಡೆ ಮುಖ ಮಾಡಿ ಹೇಳಿದರು: "ಮೊದಲ್ನೇ ವರ್ಷ ನಾನೂ ಹಿಂಗೇ. ಬಿಟ್ರೆ ಮಾನ ಹೋಯ್ತದೆ ಅಂತ ಗಾಡಿಗಟ್ಲೆ ತಂದೆ. ಕೊಳ್ಳೋರಿಲ್ದೆ ಎಲ್ಲಾ ಕರ್ರಗಾಯ್ತು. ಎರಡು ವರ್ಷ ನಮ್ಮನೇಲಿ ಹುಳಿಸಾರೇ. ನನ್ನ ಗುಂಡಿನ ಸರ ಅದ್ರಲ್ಲೇ ಹೋಯ್ತು ಕಣೇ."

ಅವರ ಬರಿಗೊರಳನ್ನು ನಾನು ಅಂದೇ ಸರಿಯಾಗಿ ನೋಡಿದ್ದು.

ಮಿಕ್ಕ ದುಡ್ಡಿನಲ್ಲಿ ಉಮಾಳ ಗೆಜ್ಜೆ ತೆಳ್ಳಗೆ ಆಯಿತು. ಅವಳು ಓಡಿದರೂ ಅಡಿಗೆಮನೆಗೆ ಸದ್ದು ಕೇಳುವುದಿಲ್ಲ, ಎಲ್ಲಿ ಬಿದ್ದಳೋ ಎಂದು ಗಳಿಗೆಗೊಮ್ಮೆ ಹೊರಗೆ ಬಂದು ನೋಡುತ್ತೇನೆ. ಹಣ್ಣು ಬರಲಿಲ್ಲ, ದುಡ್ಡು ಹೋಯಿತು, ಆದರೂ ಗೆಜ್ಜೆ ಉಳಿಯಿತು. ಹಾಗಾದರೆ ನಾನು ಕೊಂಡದ್ದೇನು? ಕೇಳೋಣವೆಂದರೆ ಚಿಕ್ಕಮಾರಮ್ಮ ಮನೆಯಲ್ಲಿಲ್ಲ. ಹೊಸ ಕಾಯಿ ನೋಡಲು ನಿಟ್ಟೂರಿಗೆ ಹೋಗಿದ್ದಾರೆ.