ಹಾಡಾಗದೆ ಉಳಿದ ಉಸಿರು

ಕಲೋನ್ ನಗರದ ನಮ್ಮ ಕೇರಿಯಲ್ಲಿ ಗೆರಿಯೋನನಷ್ಟು ಮೊಂಡ ಇನ್ನೊಬ್ಬನಿಲ್ಲ. ಬೆಳಿಗ್ಗೆ ಟ್ರಾಮ್ ಓಡಿಸುವವನು, ಮಧ್ಯಾಹ್ನ ನನ್ನ ರೆಕಾರ್ಡ್ ಅಂಗಡಿಯ ಹಿಂದಿನ ಕೋಣೆ ಸೇರಿ ರೀಮಿಕ್ಸ್ ಮಾಡುತ್ತಿದ್ದ. ಯಂತ್ರದ ಗೊರಗೊರವನ್ನೇ ಹಾಡು ಎನ್ನುವ ತಂಡಗಳಿವೆಯಲ್ಲ, ಅವರ ಟೇಪು ತಂದು, ಬಿಡಿಸಿ, ಜನ ಕುಣಿಯುವಂತೆ ಮತ್ತೆ ಕಟ್ಟುವುದು. ಆ ಸದ್ದನ್ನು ಹಾಗೇ ಕೇಳಿಸಿದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಇವನ ಕೈ ಬಿತ್ತೋ, ಕುಂಟನೂ ಎದ್ದು ಕುಣಿಯಬೇಕು!

ಅವನದೊಂದು ಹಟ. ಮೂಲ ಹಾಡಿನ ಒಂದೇ ಚೂರು ಇಟ್ಟುಕೊಂಡು ಉಳಿದದ್ದನ್ನೆಲ್ಲ ಬಿಸಾಡುವುದು. "ಜಾಸ್ತಿ ಇಟ್ಕೊಂಡ್ರೆ ಅದು ಕದಿಯೋದು, ಕಟ್ಟೋದಲ್ಲ ಕಣೆ," ಎನ್ನುತ್ತಿದ್ದ.

ಒಂದು ದಿನ ಫೋಲ್ಕ್‌ಮಾರ್ ಅಂಗಡಿಗೆ ಬಂದ. ಅವನೂ ಹೆಂಡತಿ ರೈನ್‌ಹಿಲ್ಡಳೂ ಆಯುಷ್ಯವಿಡೀ ಇಂಥ ಸದ್ದು ಮಾಡಿದವರು. ಅವನದು ಯಂತ್ರ, ಅವಳದು ದನಿ. ಆ ಚಳಿಗಾಲ ಅವಳು ತೀರಿಕೊಂಡಿದ್ದಳು.

"ನಮ್ ಹಾಡನ್ನ ಯಾರೂ ಕೇಳ್ಲಿಲ್ಲ ಮಾರಾಯ. ಜನ ತುಂಬಿದ ಕಡೆ ಒಂದ್ಸಲ ಅವಳ ದನಿ ಕೇಳಿಸ್ಬೇಕು. ಅಷ್ಟೇ ನನ್ನಾಸೆ," ಎಂದು ಗೆರಿಯೋನನ ಕೈಗೆ ಟೇಪು ಕೊಟ್ಟ.

ಭಾನುವಾರ ಮಧ್ಯಾಹ್ನದ ಕುಣಿತಕ್ಕೆ ಹಳೆಯ ಗೋದಾಮು ಕಿಕ್ಕಿರಿದಿತ್ತು. ಫೋಲ್ಕ್‌ಮಾರ್ ಇಸ್ತ್ರಿ ಅಂಗಿ ತೊಟ್ಟು ಸ್ಪೀಕರಿನ ಪಕ್ಕ ನಿಂತಿದ್ದ. ಗೆರಿಯೋನ ಶುರುಮಾಡಿದ. ಕೆಳಗೆ ದಪ್ಪ ತಾಳ. ಮೇಲೆ ರೈನ್‌ಹಿಲ್ಡ್ ಉಸಿರೆಳೆದುಕೊಂಡ ಸದ್ದು. ಹಾಡಲು ಬಾಯಿ ತೆರೆಯುವ ಮುನ್ನ ಎಳೆದುಕೊಳ್ಳುತ್ತಾರಲ್ಲ, ಅದು. ಮತ್ತೆ ಅದೇ. ಮತ್ತೆ ಅದೇ. ಜನ ಹುಚ್ಚೆದ್ದು ಕುಣಿದರು. ನನಗೋ ಸತ್ತವಳು ಬೆನ್ನ ಹಿಂದೆಯೇ ನಿಂತಂತಾಗಿ ಹೆದರಿಕೆಯಾಯಿತು.

ಫೋಲ್ಕ್‌ಮಾರ್ ನನ್ನ ತೋಳು ಹಿಡಿದ. "ಯಾವಾಗ ಹಾಡ್ತಾಳೆ?"

ಜನರನ್ನು ತಳ್ಳಿಕೊಂಡು ಗೆರಿಯೋನನ ಬಳಿ ಹೋದೆ. "ಲೇ ಕತ್ತೆ, ದನಿ ಎಲ್ಲೋ?"

"ತೆಗ್ದೆ. ಅದಕ್ಕಿಂತ ಈ ಉಸಿರೇ ಚೆನ್ನಾಗಿತ್ತು ಕಣೆ…" ಎನ್ನುತ್ತಾ ನನ್ನ ಹಿಂದೆ ನೋಡಿದ. ಫೋಲ್ಕ್‌ಮಾರ್ ಅಲ್ಲೇ ಬಂದು ನಿಂತಿದ್ದ. ಗೆರಿಯೋನ ಗಾಬರಿಯಲ್ಲಿ ಹಾಡು ನಿಲ್ಲಿಸಲು ಕೈ ಚಾಚಿದ.

"ನಿಲ್ಲಿಸ್ಬೇಡ!" ಫೋಲ್ಕ್‌ಮಾರ್ ಅವನ ಕೈ ತಡೆದ. "ಆಸ್ಪತ್ರೇಲೂ ಹಿಂಗೇ. ಏನೋ ಹೇಳೋಕೆ ಉಸಿರು ತಗೋತಿದ್ಳು, ಮಾತು ಬರ್ತಿರ್ಲಿಲ್ಲ. ನೋಡಕ್ಕಾಗ್ದೆ ಕಾಫಿಗೆ ಅಂತ ಎದ್ದು ಹೋದೆ. ವಾಪಸ್ ಬರೋಷ್ಟ್ರಲ್ಲಿ ನಿಂತೋಗಿತ್ತು."

ಪಾಪಿ ಗೆರಿಯೋನ ಅಳುತ್ತಿದ್ದ. ಮುಂದೆ ಹಾಡು ಹಾಕಬೇಕಿದ್ದವಳು ಬಂದು ಜಾಗ ಕೇಳಿದರೂ ಬಿಡದೆ ಆ ಉಸಿರನ್ನು ಸುತ್ತಿಸುತ್ತಲೇ ಇದ್ದ. ಫೋಲ್ಕ್‌ಮಾರ್ ಪಕ್ಕದಿಂದ ಕದಲಲಿಲ್ಲ.

ಕೊನೆಗೆ ಫೋಲ್ಕ್‌ಮಾರನೇ ಗುಂಡಿಯ ಮೇಲೆ ಬೆರಳಿಟ್ಟ. "ಇಲ್ಲೇ ಇದೀನಿ ಕಣೆ. ಸಾಕು, ಮಲ್ಕೋ," ಎಂದು ಆ ಉಸಿರಿಗೆ ಹೇಳಿ ಸದ್ದನ್ನು ನಿಧಾನವಾಗಿ ಇಳಿಸಿದ.

ಉಸಿರು ನಿಂತಿತು. ಜನ "ಇನ್ನೊಂದ್ಸಲ! ಇನ್ನೊಂದ್ಸಲ!" ಎಂದು ಕೂಗುತ್ತಲೇ ಇದ್ದರು.