ಸೆಂಟರ್ ಆಡುತ್ತಿದ್ದ ಹುಡುಗಿ

ಕೊಪ್ಪಳದ ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಅವಳು ಸೆಂಟರ್. ರಿಂಗಿನ ಕೆಳಗೆ ನಿಲ್ಲುವ, ಎಲ್ಲರಿಗಿಂತ ಎತ್ತರದ ಹುಡುಗಿ. ಸಂಜೆ ಮೈದಾನದ ಕಟ್ಟೆಯ ಮೇಲೆ ಕೂತು ಅವಳ ಆಟವನ್ನು ಅಳೆಯುವುದೇ ನಮ್ಮಂಥ ಅಭಿಮಾನಿಗಳ ಕೆಲಸ. ಹೊಗಳಿದರೂ ಬೈದರೂ ಅವಳು ತೋಳಿನಿಂದ ಹಣೆ ಒರೆಸಿಕೊಂಡು, "ನೋಡೂಣ್ರಿ," ಎನ್ನುತ್ತಿದ್ದಳು.

ಗಂಗಾವತಿಯಲ್ಲಿ ನಡೆದ ಫೈನಲ್‌ನಲ್ಲಿ ಕೊನೆಯ ಎಸೆತ ಅವಳದೇ. ಚೆಂಡು ರಿಂಗಿನ ಅಂಚನ್ನು ಸುತ್ತಿ, ಏನೋ ಯೋಚಿಸಿದಂತೆ ಗಳಿಗೆ ಹೊತ್ತು ನಿಂತು, ಹೊರಗೆ ಜಾರಿತು. ಸೋತೆವು.

ಮರಳುವ ಬಸ್ಸಿನಲ್ಲಿ ನಮ್ಮ ವಿಮರ್ಶೆ ಜೋರಾಯಿತು. "ಉದ್ದ ಅದಾಳ ಅಷ್ಟ. ಕೈಯಾಗ ದಮ್ ಇಲ್ಲ. ಮುಂದಿನ ಸಲ ಬ್ಯಾರೆಯವರನ್ನ ಆಡಸ್ಬೇಕು," ಎಂದರು ನಮ್ಮಲ್ಲಿ ಹಿರಿಯರಾದ ಕಿರಾಣಿ ಅಂಗಡಿಯ ಕಾಕಾ.

"ಖರೇ ಐತ್ರಿ ಕಾಕಾ. ಕಡೀಕ ಕೈ ನಡುಗಿತು," ಎಂಬ ದನಿ ಹಿಂದಿನಿಂದ ಬಂತು.

ತಿರುಗಿದರೆ ಅವಳೇ. ಉದ್ದನೆಯ ಕಾಲು ಸೀಟಿನಲ್ಲಿ ಹಿಡಿಸದೆ ನಿಂತೇ ಬರುತ್ತಿದ್ದಳು. ಕಣ್ಣುಗಳು ಕೆಂಪಾಗಿದ್ದವು, ಮುಖದಲ್ಲಿ ಸಿಟ್ಟಿರಲಿಲ್ಲ.

ಕಾಕಾ ಮೆಲ್ಲಗೆ ಎದ್ದರು, ನಾನೂ ಎದ್ದೆ. ಅವಳು ನಮ್ಮ ಸೀಟಿನಲ್ಲಿ ಕಿಟಕಿಗೆ ಬೆನ್ನು ಕೊಟ್ಟು, ಕಾಲು ಚಾಚಿ ನಿದ್ದೆಹೋದಳು. ಹೊರಗೆ ಭತ್ತದ ಗದ್ದೆಗಳು, ಬಂಡೆಗಲ್ಲಿನ ಗುಡ್ಡಗಳು ಇಳಿಬೆಳಕಿನಲ್ಲಿ ತೇಲುತ್ತ ಹಿಂದೆ ಸರಿದವು. ನಿದ್ದೆಯಲ್ಲೇ ಅವಳ ಅಂಗೈಗಳು ಮೇಲಕ್ಕೆದ್ದು, ಕಾಣದ ಚೆಂಡೊಂದರ ಸುತ್ತ ದುಂಡಗಾದವು.

ಯಾರೋ ಮತ್ತೆ ಸೋಲಿನ ಮಾತು ತೆಗೆದರು. ಕಾಕಾ ತುಟಿಯ ಮೇಲೆ ಬೆರಳಿಟ್ಟರು.

"ಸುಮ್ಕಿರ್ರಿ. ಆಡಾಕತ್ತಾಳ."