ನರಸಕ್ಕ ತೋರಿಸಿದ ಕ್ಲೈಮ್ಯಾಕ್ಸ್

ಹಾನುಬಾಳಿನ ಕಡೆ ಆಗೆಲ್ಲ ಕರೆಂಟು ಹೋಗುವುದು ಮಾಮೂಲು, ಇರುವುದೇ ವಿಶೇಷ. ಅಪ್ಪ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್. ಕಾಫಿ ಕೊಯ್ಲು ಶುರುವಾದರೆ ಆಂಧ್ರದ ಕಡೆಯಿಂದ ಲಾರಿಯಲ್ಲಿ ಆಳುಗಳು ಬಂದು ಲೈನ್ ಮನೆಗಳಲ್ಲಿ ಉಳಿಯುತ್ತಿದ್ದರು. ಅವರಲ್ಲಿ ಕನ್ನಡವೂ ಬರುತ್ತಿದ್ದ ನರಸಕ್ಕ ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಟಿವಿ ನೋಡಲು ಬರುತ್ತಿದ್ದಳು. ಮಡಿಲಲ್ಲಿ ಹುರಿದ ಕಡಲೆಕಾಯಿ, ಸೀರೆಗೆ ಕಾಫಿ ಹಣ್ಣಿನ ಹುಳಿ ವಾಸನೆ.

ತೆಲುಗು ಚಾನೆಲಿನಲ್ಲಿ ಒಂದು ಹಳೆಯ ಕಾಮಿಡಿ ಸಿನಿಮಾ ಮತ್ತೆ ಮತ್ತೆ ಬರುತ್ತಿತ್ತು. ನಾಯಕ ತಾನು ಕಿವುಡನೆಂದು ಸುಳ್ಳು ಹೇಳಿ, ಮೆಚ್ಚಿದ ಹುಡುಗಿಯ ಅಪ್ಪನ ಬಳಿಯೇ ಕೆಲಸಕ್ಕೆ ಸೇರುವ ಕಥೆ. ನನಗೂ ತಮ್ಮ ಮಂಜನಿಗೂ ತೆಲುಗು ಅಷ್ಟಕ್ಕಷ್ಟೇ. ನರಸಕ್ಕನಿಗೋ ಇಡೀ ಸಿನಿಮಾ ಬಾಯಿಪಾಠ. ತಮಾಷೆಯ ಮಾತು ಬರುವ ಮೊದಲೇ ಬಾಯಿಗೆ ಸೆರಗೊತ್ತಿಕೊಂಡು ಕುಲುಕುಲು ನಗುತ್ತಿದ್ದಳು. ನಾವು ಟಿವಿ ಬಿಟ್ಟು ಅವಳ ಮುಖ ನೋಡಿಕೊಂಡೇ ನಗುತ್ತಿದ್ದೆವು.

ಆದರೆ ಕೊನೆ ಮಾತ್ರ ನೋಡಲು ಸಿಗಲಿಲ್ಲ. ಕಿವುಡನ ಗುಟ್ಟು ರಟ್ಟಾಗುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು, ದರಿದ್ರದ್ದು.

"ಬಾಯಲ್ಲೇ ಹೇಳಕ್ಕಾ," ಎಂದು ಪೀಡಿಸಿದೆ.

"ಹೇಳಿದ್ರೆ ಕೆಟ್ಟೋಯ್ತದೆ ಪಾಪ, ನೋಡ್ಬೇಕು. ನಾನು ಊರಿಗೆ ಹೋಗೋದ್ರೊಳ್ಗೆ ತೋರ್ಸೇ ತೋರಿಸ್ತೀನಿ."

ಕೊಯ್ಲಿನ ಕೊನೆಯ ಭಾನುವಾರವೂ ಕರೆಂಟು ಕೈಕೊಟ್ಟಿತು. ಮರುದಿನ ಬೆಳಿಗ್ಗೆ ಕಾಫಿ ಒಣಗಿಸುವ ಕಣದ ಪಕ್ಕ ಲಾರಿ ಬಂದು ನಿಂತಿತು. ನನಗೆ ಅಳು ತಡೆಯಲಾಗಲಿಲ್ಲ. ನನ್ನ ಮುಖ ನೋಡಿದ ನರಸಕ್ಕ ಬಟ್ಟೆ ಗಂಟು ಕೆಳಗಿಟ್ಟಳು, ತಲೆಗೆ ಟವಲು ಸುತ್ತಿಕೊಂಡು ಕಾಫಿ ಹರಡುವ ಕೋಲು ಕೈಗೆ ತೆಗೆದುಕೊಂಡಳು.

"ಹತ್ತಮ್ಮ, ಹೊತ್ತಾಗ್ಬುಟ್ಟೈತೆ," ಅಪ್ಪ ಗದರಿದರು.

"ಸಿನಿಮಾ ಮುಗೀಲಿ ರೈಟ್ರೇ. ಅಲ್ಲಿಗಂಟ ನಾನು ಹತ್ತಾಕಿಲ್ಲ."

ಡ್ರೈವರ್ ಹಾರನ್ ಒತ್ತಿದ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಮಂಜನ ಕಿವಿಯಲ್ಲಿ ಏನೋ ಹೇಳಿಕೊಟ್ಟು, ಅವನನ್ನು ಕಿವುಡನಾಗಿ ಕಣದ ನಡುವೆ ನಿಲ್ಲಿಸಿ, ತಾನು ಹುಡುಗಿಯ ಅಪ್ಪನಾದಳು. ಹಿಂದಿನಿಂದ ಕೋಲು ಕುಟ್ಟಿದಳು, ಗಂಟಲು ಹರಿಯುವಂತೆ ಕೂಗಿದಳು. ಮಂಜ ಅಲ್ಲಾಡಲಿಲ್ಲ. ಕಡೆಗೆ ಮೆಲ್ಲನೆ ಪಿಸುಗುಟ್ಟಿದಳು: "ಹುಡ್ಗೀನ ಇವನಿಗೇ ಕೊಟ್ಬುಡಾಣ."

ಮಂಜ ಸರ್ರನೆ ತಿರುಗಿ, "ಯಾವಾಗ?" ಎಂದುಬಿಟ್ಟ.

ಲಾರಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಗಡಿಬಿಡಿಯಲ್ಲಿದ್ದ ಅಪ್ಪನೂ ನಕ್ಕರು. ನರಸಕ್ಕ ಟವಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, "ನೋಡ್ದೆಯಲ್ಲ ಪಾಪ?" ಎಂದಳು. ಲಾರಿ ಹತ್ತಿದಳು. ಮುಂದಿನ ಕೊಯ್ಲಿಗೆ ಬೇರೆ ಆಳುಗಳು ಬಂದರು, ಅವಳು ಬರಲಿಲ್ಲ.

ಈಗ ಆ ಸಿನಿಮಾದ ತುಣುಕುಗಳು ಎಲ್ಲರ ಫೋನಿನಲ್ಲೂ ಓಡಾಡುತ್ತಿವೆ. ತೆಲುಗಿನ ಗಂಧವೇ ಇಲ್ಲದ ನನ್ನ ಮಗಳು ಕೂಡ ನೋಡಿ ನಗುತ್ತಾಳೆ. ಕರೆಂಟಿನ ಹಂಗಿಲ್ಲ, ಬೇಕೆಂದಾಗ ಕೊನೆ ಸಿಗುತ್ತದೆ. ನಾನೂ ಹಟ ಹಿಡಿದು ಪೂರ್ತಿ ನೋಡಿದೆ. ಎಲ್ಲ ನರಸಕ್ಕ ತೋರಿಸಿದ ಹಾಗೆಯೇ ಇತ್ತು. ಆದರೂ ಆ ಪಿಸುಮಾತು ಹತ್ತಿರ ಬಂದಾಗ ನನ್ನ ಕಣ್ಣು ಪರದೆ ಬಿಟ್ಟು ಪಕ್ಕಕ್ಕೆ ಹೋಗುತ್ತದೆ. ಅಲ್ಲಿ ಯಾರೂ ಮೊದಲೇ ನಗುತ್ತಿರುವುದಿಲ್ಲ.